ವಯಸ್ಸಿಗೆ ತಕ್ಕ ಬೆಂಚು

ಜೂನ್ ಮಳೆಯಲ್ಲಿ ತೊಪ್ಪೆಯಾಗಿಯೇ ಶಾಲೆ ಮುಟ್ಟಿದೆವು. ಮುಂಬಯಿಯ ಸಯನ್‌ನಲ್ಲಿ ನಮ್ಮ ಮನೆಯೆದುರು ಏಳುತ್ತಿರುವ ಟವರಿನಲ್ಲಿ ಗಾರೆ ಕೆಲಸದ ಯಾದಗಿರಿ ಕಡೆಯ ಹೆಂಗಸು, ಅವಳ ಹತ್ತು ವರ್ಷದ ಮಗಳು, ಅರ್ಜಿ ತುಂಬಲು ನಾನು. "ಅಣ್ಣಾರ, ಆಧಾರ್ ಐತ್ರಿ. ಸಾಲಿ ಕಾಗದ ಒಂದೂ ಇಲ್ರಿ" ಎಂದು ದಾರಿಯಲ್ಲಿ ನಾಲ್ಕು ಸಲ ಹೇಳಿದ್ದಳು. ಹುಡುಗಿಗೆ ಆ ಚಿಂತೆಯಿಲ್ಲ. ದೂರದಿಂದ ಬರುವ ನಗರ ಸಾರಿಗೆಯ ಬೆಸ್ಟ್ ಬಸ್ಸುಗಳ ದೇವನಾಗರಿ ಅಂಕಿಗಳನ್ನು ನನಗಿಂತ ಮೊದಲೇ ಓದಿ ಕೂಗುತ್ತಿದ್ದಳು.

ಮುಂಬಯಿ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲೊಂದು. ಕಾಗದದ ತೊಡಕೇನೂ ಆಗಲಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸು ಕಳಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಮುಖ್ಯೋಪಾಧ್ಯಾಯಿನಿ "ಹತ್ತು ತುಂಬಿದೆ, ಐದನೇ ತರಗತಿ" ಎಂದು ಬರೆದೇಬಿಟ್ಟರು. ವಯಸ್ಸಿಗೆ ತಕ್ಕ ತರಗತಿ, ಅದೂ ಕಾಯ್ದೆಯದೇ ಮಾತು. ಹಿಂದೆ ಬಿದ್ದ ಮಗುವಿಗೆ ವಿಶೇಷ ತರಬೇತಿಯ ಹಕ್ಕೂ ಅದರಲ್ಲಿದೆ.

"ತರಬೇತಿ ಯಾರು ಕೊಡ್ತಾರೆ ಮೇಡಂ?"

"ನಾನೇ ಸರ್. ಎರಡು ತರಗತಿ, ಆಫೀಸು, ಎಲ್ಲ ನಾನೇ."

ಅವರ ಮೇಲೆ ಸಿಟ್ಟು ಮಾಡಲು ಮನಸ್ಸಾಗಲಿಲ್ಲ. ಆದರೆ ಅಕ್ಷರ ಬಾರದ ಹುಡುಗಿ ಐದನೇ ತರಗತಿಯ ಪುಸ್ತಕ ಹಿಡಿದು, ಪಕ್ಕದವಳು ಹಾಳೆ ತಿರುವಿದಾಗ ತಾನೂ ತಿರುವುವುದನ್ನು ನೋಡಿ ಹೊಟ್ಟೆ ಚುರ್ರೆಂದಿತು.

ನಾನು ಓದಿದ್ದು ಇದೇ ಮುಂಬಯಿಯ ಫೋರ್ಟ್ ಪ್ರದೇಶದ ರಾತ್ರಿಶಾಲೆಯಲ್ಲಿ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ಊರಿಂದ ಬಂದ ನಮ್ಮಂಥ ಹುಡುಗರಿಗಾಗಿ ಅಂಥ ಶಾಲೆ ನಡೆಸುತ್ತಿದ್ದವು. ಹಗಲಿಡೀ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ಬೆರಳು ಸುಕ್ಕುಗಟ್ಟಿರುತ್ತಿತ್ತು, ಪೆನ್ನು ಜಾರುತ್ತಿತ್ತು. ಅಂಗಿಯಲ್ಲಿ ಸಾಂಬಾರಿನ ವಾಸನೆ. ನನಗೆ ಹದಿಮೂರು, ನನ್ನ ಬೆಂಚಿನಲ್ಲಿದ್ದ ಅಡುಗೆ ಭಟ್ರಿಗೆ ಮೂವತ್ತರ ಹತ್ತಿರ. ಹೆಂಡತಿಗೆ ತಾವೇ ಕಾಗದ ಬರೆಯಬೇಕು, ಗಲ್ಲಾದವರಿಂದ ಬರೆಸಿದರೆ ಗುಟ್ಟು ಉಳಿಯುವುದಿಲ್ಲ ಎಂಬುದು ಅವರ ಕಷ್ಟ. ನಾನು ಅವರಿಗೆ ಒತ್ತಕ್ಷರ ತಿದ್ದಿಸಿದೆ. ಇಪ್ಪತ್ತು ಜನಕ್ಕೆ ಇಷ್ಟು ಬೇಳೆಯಾದರೆ ಐವತ್ತು ಜನಕ್ಕೆಷ್ಟು ಎಂದು ಅವರು ನನಗೆ ತ್ರೈರಾಶಿ ಕಲಿಸಿದರು. ಮಾಸ್ತರರ ಬಾಯಲ್ಲಿ ಅದು ತಲೆಗೆ ಹತ್ತಿರಲೇ ಇಲ್ಲ. ಆ ಶಾಲೆಯೇನು ಸ್ವರ್ಗವಲ್ಲ, ಅರ್ಧ ಜನ ತೂಕಡಿಸುತ್ತಿದ್ದರು, ದೀಪಾವಳಿಗೆ ಊರಿಗೆ ಹೋದವರು ಮರಳುತ್ತಿರಲಿಲ್ಲ. ಆದರೆ ನಿನ್ನ ವಯಸ್ಸೆಷ್ಟು ಎಂದು ಯಾರೂ ಕೇಳಲಿಲ್ಲ. ಏನು ಬೇಕು ಎಂದು ಕೇಳಿದರು.

ಅದೇ ಹುರುಪಿನಲ್ಲಿ ಮೇಡಂಗೆ ಸಲಹೆ ಕೊಟ್ಟೆ: ರಿಜಿಸ್ಟರಿನಲ್ಲಿ ಐದನೆಯದೇ ಇರಲಿ, ಊಟದ ಮೇಲೆ ಎರಡನೇ ತರಗತಿಯಲ್ಲಿ ಕೂರಿಸಿ. ಅವರು ಒಪ್ಪಿದರು. ಒಪ್ಪದವಳು ಹುಡುಗಿ.

"ಸಣ್ಣ ಹುಡುಗರ ಜೋಡಿ ನಾ ಕುಂದ್ರಂಗಿಲ್ರಿ."

ತಮ್ಮನನ್ನು ಎರಡು ವರ್ಷ ಸೈಟಿನಲ್ಲಿ ಸೊಂಟದ ಮೇಲೆ ಹೊತ್ತವಳು. ಮತ್ತೆ ಆ ಪುಟಾಣಿಗಳ ನಡುವೆ ಹೋಗಿ ಕೂರು ಎಂದರೆ? ಮೇಡಂ ನನ್ನ ಮುಖ ನೋಡಿ ನಕ್ಕರು. "ಕಾಯ್ದೆ ಹಾಗಿರೋದು ಇದಕ್ಕೇ ಸರ್." ನನ್ನ ಬಾಯಿ ಕಟ್ಟಿತು. ಭಟ್ರು ಆ ಬೆಂಚಿನಲ್ಲಿ ಹೇಗೆ ಕೂತಿದ್ದರೋ, ನಾಚಿಕೆಯಾಗಿತ್ತೋ ಏನೋ, ನಾನಂತೂ ಕೇಳಿರಲಿಲ್ಲ.

ಹೊರಡುವಾಗ ಕಿಟಕಿಯಿಂದ ಇಣುಕಿದೆ. ಪಕ್ಕದ ಹುಡುಗಿ ಪುಸ್ತಕವನ್ನು ನಡುವೆ ಸರಿಸಿ ಸಾಲಿನ ಕೆಳಗೆ ಬೆರಳಾಡಿಸುತ್ತಿದ್ದಳು. ಇವಳ ಬೆರಳು ಅದರ ಹಿಂದೆಯೇ.