ಕಬಡ್ಡಿ ಮೇಷ್ಟ್ರ ಬ್ಯಾಸ್ಕೆಟ್‌ಬಾಲ್

ನಮ್ಮ ಕಾಲೇಜಿನ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್‌ಗೆ ಬ್ಯಾಸ್ಕೆಟ್‌ಬಾಲ್ ಆಡಲು ಬರುತ್ತಿರಲಿಲ್ಲ. ದೂರು ಅಂದುಕೊಳ್ಳಬೇಡಿ, ಅವರೇ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ ಮಾತು ಇದು. ಲೇಖನದಲ್ಲಿ ಹೆಸರು ಹಾಕಬೇಡ ಅಂದಿದ್ದಾರೆ. ನಮ್ಮ ಕಾಲೇಜಿನ ಈ ಮ್ಯಾಗಜೀನ್ ಓದುವವರಿಗೆ ಹೆಸರು ಬೇಕಾಗಿಯೂ ಇಲ್ಲ, ಅಲ್ವಾ?

ಸರ್ ಹಿರಿಯೂರು ಕಡೆಯವರು, ಕಬಡ್ಡಿ ಆಟಗಾರರು. ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್. ಮುಗಿಸಿ, ಒಂದು ಹೋಬಳಿ ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಡ್ರಿಲ್ ಮೇಷ್ಟ್ರಾಗಿದ್ದು, 1984ರಲ್ಲಿ ನಮ್ಮ ಕಾಲೇಜಿಗೆ ಬಂದರು. ಆಗಿನ್ನೂ ಕುವೆಂಪು ವಿಶ್ವವಿದ್ಯಾಲಯ ಇರಲಿಲ್ಲ, ಅದು ಬಂದದ್ದು 1987ರಲ್ಲಿ. ನಮ್ಮ ಕಾಲೇಜು ಮೈಸೂರು ವಿಶ್ವವಿದ್ಯಾಲಯದ ಕೆಳಗಿತ್ತು. ಮೊದಲು ಪಾರ್ಟ್ ಟೈಮ್ ಕೆಲಸ, ಸಂಬಳ ಬಂದಾಗ ಬಂತು. ಎಂ.ಪಿ.ಎಡ್. ಮಾಡಿಕೊಂಡ ಮೇಲೇ ಕಾಯಂ ಆದದ್ದು. ಆಫೀಸಿನ ಕಾಗದದಲ್ಲಿ ‘ದೈಹಿಕ ಶಿಕ್ಷಣ ನಿರ್ದೇಶಕರು’. ಅಂದರೆ ವಾಲಿಬಾಲ್, ಖೋ-ಖೋ, ಅಥ್ಲೆಟಿಕ್ಸ್, ಚೆಸ್ ಎಲ್ಲಕ್ಕೂ ಇವರೇ. ಆಗಸ್ಟ್ 15ಕ್ಕೆ ಬಾವುಟದ ಹಗ್ಗ ಸರಿ ಇದೆಯಾ ಅಂತ ನೋಡುವವರೂ ಇವರೇ.

ಇಂಥವರು ಬ್ಯಾಸ್ಕೆಟ್‌ಬಾಲ್‌ಗೆ ಯಾಕೆ ಬಿದ್ದರು? ಕಾರಣ ನಮ್ಮ ಮಳೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಅಂಕಣ ಅಂದರೆ ಗದ್ದೆಯೇ. ವಾಲಿಬಾಲ್ ಕಂಬದ ಸುತ್ತ ಕಪ್ಪೆ ಕೂಗುತ್ತಿದ್ದವು. ಕಾಲೇಜಿನಲ್ಲಿ ಇದ್ದ ಸಿಮೆಂಟಿನ ಜಾಗ ಒಂದೇ, ಯಾರೋ ಹಳೆ ವಿದ್ಯಾರ್ಥಿ ಹಾಕಿಸಿಕೊಟ್ಟಿದ್ದ ಬ್ಯಾಸ್ಕೆಟ್‌ಬಾಲ್ ಕೋರ್ಟ್. ಮಳೆ ಅರ್ಧ ಗಂಟೆ ಬಿಟ್ಟರೆ ಸಾಕು, ಅಲ್ಲಿ ಆಡಬಹುದಿತ್ತು. ಪಾಚಿ ತೆಗೆದರೆ ಮಾತ್ರ. ಭಾನುವಾರ ಬ್ಲೀಚಿಂಗ್ ಪೌಡರ್ ಚೆಲ್ಲಿ, ತೆಂಗಿನ ಕಡ್ಡಿ ಪೊರಕೆಯಲ್ಲಿ ಉಜ್ಜುವುದೇ ನಮ್ಮ ವಾರ್ಮ್ ಅಪ್. ಸರ್ ಪ್ಯಾಂಟ್ ಮಡಚಿಕೊಂಡು ಒಂದು ತುದಿಯಿಂದ ಶುರು ಮಾಡುತ್ತಿದ್ದರು, ನಾವು ಇನ್ನೊಂದು ತುದಿಯಿಂದ.

ಇದ್ದ ಚೆಂಡು ಮೂರು. ಎಲ್ಲವೂ ರಬ್ಬರಿನವು, ಉಜ್ಜಿ ಉಜ್ಜಿ ನುಣ್ಣಗಾದವು. ಗಾಳಿ ಹಾಕುವ ಸೂಜಿ ಸರ್ ಜೇಬಿನಲ್ಲಿ, ಪೆನ್ನಿನ ಪಕ್ಕ. ಅದನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ ಚೆಂಡಿಗೆ ಚುಚ್ಚಿ, ಸೈಕಲ್ ಪಂಪಿನಲ್ಲಿ ಒತ್ತುತ್ತಿದ್ದರು. ಆಮೇಲೆ ಚೆಂಡನ್ನು ಹಣೆಯ ಎತ್ತರದಿಂದ ಬಿಡುವುದು. ಸೊಂಟದವರೆಗೆ ಪುಟಿದರೆ ‘ಆಯ್ತು’.

1993ರ ಬೇಸಿಗೆ ರಜೆಯಲ್ಲಿ ಸರ್ ಬೆಂಗಳೂರಿಗೆ ಹೋಗಿ ಎನ್.ಐ.ಎಸ್.ನ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡಿಕೊಂಡು ಬಂದರಂತೆ. ಪೂರ್ತಿ ಕೋಚ್ ಆಗಬೇಕೆಂದರೆ ಪಟಿಯಾಲದ ಒಂದು ವರ್ಷದ ಡಿಪ್ಲೊಮಾ ಮಾಡಬೇಕು. ಮನೆ, ಮಕ್ಕಳು ಬಿಟ್ಟು ಅಷ್ಟು ದಿನ ಹೋಗುವುದು ಅವರಿಂದ ಆಗಲಿಲ್ಲ. ಆಗ ಅವರಿಗೆ ಮೂವತ್ತೇಳು. ಜೊತೆಯಲ್ಲಿದ್ದವರೆಲ್ಲ ರಾಜ್ಯಕ್ಕೆ ಆಡಿದ ಇಪ್ಪತ್ತೈದರ ಹುಡುಗರು. ಲೇ-ಅಪ್ ಅಂದರೆ ಓಡುತ್ತಾ ಬಂದು ಬುಟ್ಟಿಯ ಹತ್ತಿರ ಹಾರಿ ಚೆಂಡು ಹಾಕುವುದು. ಎಡಗೈ ಲೇ-ಅಪ್‌ಗೆ ಬಲಗಾಲಿನಲ್ಲಿ ಹಾರಬೇಕು. ಸರ್ ಎಡಗಾಲಿನಲ್ಲೇ ಹಾರುತ್ತಿದ್ದರು. ಆರು ವಾರ ಹಾಗೇ ಹಾರಿದೆ, ಒಂದೂ ಸರಿಯಾಗಿ ಬೀಳಲಿಲ್ಲ ಅಂತ ಅವರೇ ನಗುತ್ತಾ ಹೇಳುತ್ತಿದ್ದರು. ಅಲ್ಲಿಂದ ತಂದದ್ದು ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್. ಪುಟದ ತುಂಬ ಸೊನ್ನೆ, ಇಂಟು ಮಾರ್ಕು, ಬಾಣ. ಆಟದ ನಡುವೆ ‘ಒಂದ್ನಿಮಿಷ’ ಅಂತ ಕನ್ನಡಕ ಹಾಕಿಕೊಂಡು ಪುಟ ತಿರುವುವುದನ್ನು ಎದುರು ಟೀಮಿನವರು ನೋಡಿ ಮುಸಿಮುಸಿ ನಗುತ್ತಿದ್ದರು.

ಆದರೆ ನಮಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಆ ನೋಟ್‌ಬುಕ್ಕಿಗಿಂತ ಅವರ ಕಬಡ್ಡಿಯೇ. ನಾನು ಸೇರಿದ್ದು 1999ರಲ್ಲಿ, ಬಿ.ಎಸ್ಸಿ.ಗೆ. ಮೊದಲ ದಿನ ಚೆಂಡೇ ಕೊಡಲಿಲ್ಲ. ಮಂಡಿ ಬಗ್ಗಿಸಿ ಎದುರಿನವನ ಮುಂದೆ ನಿಲ್ಲಿಸಿದರು. "ಚೆಂಡು ನೋಡಬ್ಯಾಡ, ಮುಖ ನೋಡಬ್ಯಾಡ. ಸೊಂಟ ನೋಡು. ಕಣ್ಣು ಸುಳ್ಳು ಹೇಳುತ್ತೆ, ಕೈ ಸುಳ್ಳು ಹೇಳುತ್ತೆ. ಸೊಂಟ ಹೋದ ಕಡೆಗೇ ಮನುಷ್ಯ ಹೋಗೋದು ಕಣಪ್ಪಾ." ರೈಡರ್‌ನನ್ನು ಮೂಲೆಗೆ ಒತ್ತುವ ಹಾಗೆ ಚೆಂಡು ಇದ್ದವನನ್ನು ಇಬ್ಬರು ಸೇರಿ ಗೆರೆಯ ಮೂಲೆಗೆ ಒತ್ತುವುದನ್ನೂ ಕಲಿಸಿದರು. ತೊಂದರೆ ಅಂದರೆ, ಒತ್ತಿದ ಮೇಲೆ ನಮ್ಮ ಕೈ ಸುಮ್ನೆ ಇರುತ್ತಿರಲಿಲ್ಲ. ಹಿಡಿದೇ ಬಿಡುತ್ತಿದ್ದೆವು! ಕುವೆಂಪು ವಿಶ್ವವಿದ್ಯಾಲಯ ಇರುವ ಶಂಕರಘಟ್ಟದಲ್ಲಿ ಒಂದು ಸೆಮಿಫೈನಲ್‌ನಲ್ಲಿ ನಮ್ಮ ಮೂವರು ಐದೈದು ಫೌಲ್ ಮಾಡಿ ಹೊರಗೆ ಬಂದು ಕೂತಿದ್ದರು. ಅದರಲ್ಲಿ ನಾನೂ ಒಬ್ಬ.

2000ದಲ್ಲಿ ಆಟದ ನಿಯಮ ಬದಲಾಯಿತು. ಇಪ್ಪತ್ತು ನಿಮಿಷದ ಎರಡು ಭಾಗ ಹೋಗಿ ಹತ್ತು ನಿಮಿಷದ ನಾಲ್ಕು ಭಾಗ ಬಂತು. ಚೆಂಡು ಕೈಗೆ ಬಂದ ಮೇಲೆ ಬುಟ್ಟಿಗೆ ಎಸೆಯಲು 30 ಸೆಕೆಂಡ್ ಇದ್ದದ್ದು 24ಕ್ಕೆ ಇಳಿಯಿತು. ದೊಡ್ಡ ಕಾಲೇಜುಗಳಲ್ಲಿ ಅದಕ್ಕೆ ಗಡಿಯಾರ ಇರುತ್ತೆ. ನಮ್ಮಲ್ಲಿ ಎಲ್ಲಿಂದ ತರುವುದು? ಸರ್ ಕಬಡ್ಡಿ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಕೈಗಡಿಯಾರ ಹಿಡಿದು, ಒಬ್ಬೊಬ್ಬರಿಗೂ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಹೇಳಿಸಿದರು. ಒಬ್ಬನದು ಹದಿನೆಂಟಕ್ಕೇ ಕಟ್. ಇನ್ನೊಬ್ಬ ಮೂವತ್ತು ದಾಟಿದರೂ ನಿಲ್ಲಿಸಲಿಲ್ಲ. ಮೊದಲ ವರ್ಷದ ಬಿ.ಕಾಂ. ಹುಡುಗನೊಬ್ಬನ ಉಸಿರು ಹೆಚ್ಚುಕಮ್ಮಿ ಇಪ್ಪತ್ನಾಲ್ಕಕ್ಕೆ ನಿಂತಿತು. ಆ ವರ್ಷವೆಲ್ಲ ಅವನೇ ನಮ್ಮ ಗಡಿಯಾರ. ಗೆರೆಯಾಚೆ ಕೂತು ಕಬಡ್ಡಿ ಹೇಳುತ್ತಿದ್ದ, ಅವನ ದನಿ ಸಣ್ಣಗಾಗುತ್ತಾ ಬಂತೆಂದರೆ ನಾವು ಎಸೆಯಲೇಬೇಕು. ಇವತ್ತಿಗೂ ಟಿ.ವಿ.ಯಲ್ಲಿ ಮ್ಯಾಚ್ ನೋಡುವಾಗ ನನ್ನ ಕಿವಿಗೆ ಅದೇ ದನಿ ಕೇಳುತ್ತೆ.

ಸೋತು ಬಸ್ಸಿನಲ್ಲಿ ಬರುವಾಗ ಸರ್ ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದ ನೈಸ್ಮಿತ್ ಕಥೆ ತೆಗೆಯುತ್ತಿದ್ದರು. 1891ರ ಡಿಸೆಂಬರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್. ಹೊರಗೆ ಚಳಿ, ಒಳಗೆ ಬೇಜಾರು ಹಿಡಿದ ಹುಡುಗರು. ನೈಸ್ಮಿತ್ ಕೂಡ ನಮ್ಮ ಹಾಗೆ ಒಬ್ಬ ಪಿ.ಡಿ.ಯೇ ಕಣ್ರೋ, ಪೀಚ್ ಹಣ್ಣಿನ ಬುಟ್ಟಿ ಕಟ್ಟಿ, ಹದಿಮೂರು ನಿಯಮ ಬರೆದು ಆಡಿಸಿಬಿಟ್ಟ ಎನ್ನುತ್ತಿದ್ದರು. ಆಮೇಲೆ ಅವರಿಗೆ ಇಷ್ಟವಾದ ಭಾಗ. ಆ ನೈಸ್ಮಿತ್ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಕೋಚ್ ಆಗಿದ್ದಾಗ ಗೆದ್ದದ್ದು 55, ಸೋತದ್ದು 60. ಅಲ್ಲಿನ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಇರುವುದು ಆಟ ಕಂಡುಹಿಡಿದವರದ್ದೊಂದೇ! ಇದನ್ನು ಹೇಳಿ ಕಿಟಕಿಗೆ ತಲೆಯಾನಿಸಿ ಭದ್ರಾವತಿ ದಾಟುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದರು.

ಸಣ್ಣ ಕಾಲೇಜಿನ ಕೋಚ್‌ಗೆ ಇನ್ನೊಂದು ಪಾಡಿದೆ. ಹುಡುಗ ಸ್ವಲ್ಪ ಚೆನ್ನಾಗಿ ಆಡಿದನೋ, ದೊಡ್ಡ ಊರಿನ ಕಾಲೇಜಿನವರು ಫೀಸಿಲ್ಲ, ಹಾಸ್ಟೆಲ್ ಫ್ರೀ ಅಂತ ಕರೆದುಕೊಂಡು ಹೋಗುತ್ತಾರೆ. ನಮ್ಮ ಟೀಮಿನ ಎತ್ತರದ ಹುಡುಗನನ್ನು ಹಾಗೇ ಕರೆದೊಯ್ದರು. ಮುಂದಿನ ವರ್ಷ ಅವನು ನಮ್ಮ ಮೇಲೇ ಆಡಲು ಬಂದ. ನಾವು ಮುಖ ತಿರುಗಿಸಿದೆವು. ಸರ್ ಮಾತ್ರ ಹೋಗಿ ಅವನ ಶೂ ನೋಡಿ, "ಎಷ್ಟು ಕೊಟ್ಟೆ ಮಾರಾಯ?" ಅಂತ ವಿಚಾರಿಸಿದರು. ಅವನ ಟಿ.ಸಿ.ಗೆ ಆಫೀಸಿನಲ್ಲಿ ಓಡಾಡಿದ್ದು ಸರ್ರೇ ಅಂತ ನಮಗೆ ಆಮೇಲೆ ಗೊತ್ತಾಯಿತು. ನನಗೆ ಆಗ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಹೋಗಿಲ್ಲ, ನಿಜ ಹೇಳಬೇಕೆಂದರೆ.

ಕೊನೆಯ ಸಲ ಕೋರ್ಟಿನಲ್ಲಿ ಅವರ ಜೊತೆ ಇದ್ದದ್ದು 2010ರ ಮಳೆಗಾಲ ಮುಗಿದ ಮೇಲೆ. ಬೆಂಗಳೂರಿನಿಂದ ಊರಿಗೆ ಬಂದಿದ್ದೆ. ನಿಯಮ ಮತ್ತೆ ಬದಲಾಗಿತ್ತು. ಬುಟ್ಟಿಯ ಕೆಳಗಿನ ಓರೆ ಗೆರೆಗಳ ಅಂಕಣ ಹೋಗಿ ನೇರ ಗೆರೆಗಳ ಆಯತ ಬಂದಿತ್ತು. ಮೂರು ಪಾಯಿಂಟಿನ ಗೆರೆ 6.25 ಮೀಟರಿನಿಂದ 6.75ಕ್ಕೆ ಸರಿದಿತ್ತು. ಸರ್ ಒಬ್ಬರೇ ಟೇಪು, ಹಗ್ಗ, ಬಿಳಿ ಬಣ್ಣದ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಬುಟ್ಟಿಯ ನಟ್ಟನಡುವಿನ ಕೆಳಗೆ ಹಗ್ಗದ ತುದಿ ಒತ್ತಿ ಹಿಡಿದು ನಾನು ಕೂತೆ. ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ಸರ್ ಬಗ್ಗಿಕೊಂಡೇ ಅರ್ಧ ಸುತ್ತು ಬಂದರು. "ಬಿಗಿಯಾಗಿ ಹಿಡಿ, ಸಡಿಲ ಬಿಟ್ರೆ ಅರ್ಧ ಮೀಟ್ರು ಅಲ್ಲೇ ಹೋಗುತ್ತೆ." ಹಳೆಯ ಓರೆ ಗೆರೆಯ ಮೇಲೆ ಬೂದು ಬಣ್ಣ ಬಳಿದರೂ ಅದು ಅಡಿಯಿಂದ ಕಾಣುತ್ತಲೇ ಇತ್ತು.

ಬಣ್ಣ ಒಣಗುವವರೆಗೆ ಇಬ್ಬರೂ ದನ ಓಡಿಸುತ್ತಾ ಮೆಟ್ಟಿಲ ಮೇಲೆ ಕೂತಿದ್ದೆವು. ಸರ್ ಸಂಬಳ ಕೇಳಿದರು, ಮನೆ ಬಾಡಿಗೆ ಕೇಳಿದರು, ಬೆಂಗಳೂರಿನಲ್ಲಿ ಆಡುತ್ತೀಯಾ ಅಂತ ಕೇಳಿದರು. ಇಲ್ಲ ಸರ್ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಎಡಗೈ ಲೇ-ಅಪ್ ಈಗ ಬೀಳುತ್ತೆ ಕಣಯ್ಯ. ಒಣಗಲಿ, ತೋರಿಸ್ತೀನಿ" ಅಂದರು.

ನನ್ನ ಬಸ್ಸು ಐದೂವರೆಗಿತ್ತು. ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು.