ಹುಡುಗಿಯರ ಜಾವೆಲಿನ್‌ಗೆ ಎಷ್ಟು ಎಸೆತ ಕೊಡಬೇಕು?

ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿರುವ ನನಗೆ ಹೋಬಳಿ, ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಕ್ರೀಡಾಕೂಟಗಳಲ್ಲಿ ಸಾಮಾನ್ಯವಾಗಿ ಎಸೆತದ ಸ್ಪರ್ಧೆಗಳ ಜವಾಬ್ದಾರಿ ಬರುತ್ತದೆ. ಈ ಕೆಲಸದಲ್ಲಿ ನಾನು ಕಲಿತು, ಈಗ ಹಟ ಹಿಡಿದು ಪಾಲಿಸುತ್ತಿರುವ ಸಂಗತಿ ಒಂದೇ: ಹೊತ್ತಾಯಿತು ಎಂಬ ಕಾರಣಕ್ಕೆ ಹುಡುಗಿಯರ ಎಸೆತಗಳನ್ನು ಕಡಿತಗೊಳಿಸಬಾರದು.

ಕಡಿತ ಹೇಗೆ ಆಗುತ್ತದೆ ಎಂಬುದು ಕೂಟ ನಡೆಸಿದವರಿಗೆಲ್ಲ ಗೊತ್ತು. ಬೆಳಿಗ್ಗೆ ಉದ್ಘಾಟನೆ ತಡವಾಗುತ್ತದೆ, ಮಧ್ಯಾಹ್ನದವರೆಗೆ ಓಟಗಳು ನಡೆಯುತ್ತವೆ, ಊಟದ ನಂತರ ಹುಡುಗರ ಎಸೆತಗಳು ಮುಗಿಯುತ್ತವೆ, ಹುಡುಗಿಯರ ಜಾವೆಲಿನ್ ಸರದಿ ಬರುವ ವೇಳೆಗೆ ರಿಲೇಗೆ ಕರೆ ಬಂದಿರುತ್ತದೆ ಮತ್ತು ದೂರದ ಹಳ್ಳಿಯ ಮಕ್ಕಳಿಗೆ ಬಸ್ಸಿನ ಚಿಂತೆ ಹತ್ತಿರುತ್ತದೆ. ಆಗ ಯಾರಾದರೊಬ್ಬರು, "ಹೊತ್ತಾತು ಮೇಡಂ, ಹುಡ್ಗೀರಿಗೆ ಎರಡೆರಡು ಎಸೆತ ಕೊಟ್ಟು ಮುಗಿಸಿಬಿಡ್ರಿ" ಎನ್ನುತ್ತಾರೆ. ಹೇಳುವವರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಕತ್ತರಿ ಬೀಳುವುದು ಪ್ರತಿ ಸಲವೂ ಹುಡುಗಿಯರ ಸ್ಪರ್ಧೆಗೇ ಎಂಬುದನ್ನು ನಾನು ಗಮನಿಸುತ್ತ ಬಂದಿದ್ದೇನೆ. ಒಲಿಂಪಿಕ್ಸ್‌ನಲ್ಲಿಯೂ ಪುರುಷರ ಜಾವೆಲಿನ್ 1908ರಲ್ಲಿ ಸೇರಿದರೆ ಮಹಿಳೆಯರದು ಸೇರಿದ್ದು 1932ರಲ್ಲಿ. ಕಾಯಿಸಿದ್ದು ಸಾಕು ಎಂಬುದು ನನ್ನ ಅಭಿಪ್ರಾಯ.

ಎರಡು ಎಸೆತ ಸಾಕು ಎನ್ನುವವರಿಗೆ ನಾನು 2022ರಲ್ಲಿ ಅಮೆರಿಕದ ಯುಜೀನ್‌ನಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಅನ್ನು ನೆನಪಿಸುತ್ತೇನೆ. ಅರ್ಹತಾ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಮೂರು ಎಸೆತಗಳಿದ್ದವು. ಭಾರತದ ಜಾವೆಲಿನ್ ಎಸೆತಗಾರ್ತಿ, ನಮ್ಮ ಅನ್ನು ರಾಣಿಯವರ ಮೊದಲ ಎಸೆತ ಫೌಲ್ ಆಯಿತು, ಎರಡನೆಯದು 55.35 ಮೀಟರ್‌ಗೆ ಬಿತ್ತು, ಮೂರನೆಯದು 59.60 ಮೀಟರ್ ತಲುಪಿ ಅವರನ್ನು ಫೈನಲ್‌ಗೆ ಕರೆದೊಯ್ದಿತು. ಫೈನಲ್‌ನಲ್ಲಿ ಅವರು 61.12 ಮೀಟರ್ ಎಸೆದು ಏಳನೆಯವರಾದರು. ಎರಡೇ ಎಸೆತಗಳ ಲೆಕ್ಕದಲ್ಲಿ ನೋಡಿದ್ದರೆ ಅವರು ಅಂದೇ ಮನೆಯ ದಾರಿ ಹಿಡಿಯಬೇಕಾಗಿತ್ತು. ಮರುವರ್ಷ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರಿಗೆ ಚಿನ್ನ ತಂದ 62.92 ಮೀಟರ್ ಎಸೆತ ಬಂದದ್ದು ನಾಲ್ಕನೆಯ ಪ್ರಯತ್ನದಲ್ಲಿ. ಬೆಳ್ಳಿ ಗೆದ್ದ ಶ್ರೀಲಂಕಾದ ಸ್ಪರ್ಧಿಯ ದೂರ 61.57 ಮೀಟರ್ ಆಗಿತ್ತು.

ವಿಶ್ವ ಚಾಂಪಿಯನ್ನರ ಕತೆ ಇನ್ನೂ ಸ್ಪಷ್ಟವಾಗಿದೆ. 2019ರಲ್ಲಿ ದೋಹಾದ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಕೆಲ್ಸಿ ಲೀ ಬಾರ್ಬರ್ ಕೊನೆಯ ಎಸೆತಕ್ಕೆ ಮೊದಲು ನಾಲ್ಕನೆಯ ಸ್ಥಾನದಲ್ಲಿದ್ದರು, ಅಂದರೆ ಪದಕದಿಂದಲೇ ಹೊರಗಿದ್ದರು. ಆರನೆಯ ಎಸೆತದಲ್ಲಿ 66.56 ಮೀಟರ್ ಸಾಧಿಸಿ ಚಿನ್ನ ಗೆದ್ದರು. 2023ರಲ್ಲಿ ಬುಡಾಪೆಸ್ಟ್‌ನಲ್ಲಿ ಕೊಲಂಬಿಯಾದ ಫ್ಲೋರ್ ರೂಯಿಸ್ 65.47 ಮೀಟರ್‌ನೊಂದಿಗೆ ಮುಂದಿದ್ದಾಗ ಜಪಾನಿನ ಹರುಕಾ ಕಿಟಾಗುಚಿ ಕೂಡ ನಾಲ್ಕನೆಯ ಸ್ಥಾನದಿಂದಲೇ ಕೊನೆಯ ಬಾರಿಗೆ ಓಡಿಬಂದು 66.73 ಮೀಟರ್ ಎಸೆದರು. ಅದೇ ಕಿಟಾಗುಚಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 65.80 ಮೀಟರ್‌ನ ಮೊದಲ ಎಸೆತದಲ್ಲಿಯೇ ಚಿನ್ನವನ್ನು ಖಚಿತಪಡಿಸಿಕೊಂಡದ್ದೂ ನಿಜ. ಒಳ್ಳೆಯ ಎಸೆತ ಎಷ್ಟನೆಯದಾಗಿ ಬರುತ್ತದೆ ಎಂದು ಎಸೆಯುವವಳಿಗೇ ತಿಳಿದಿರುವುದಿಲ್ಲವಾದ್ದರಿಂದ, ಅದನ್ನು ಮೊದಲೇ ತೀರ್ಮಾನಿಸುವ ಹಕ್ಕು ತೀರ್ಪುಗಾರರಿಗೂ ಇರಬಾರದು.

ಇದಕ್ಕೆ ಜಾವೆಲಿನ್‌ನ ಸ್ವಭಾವವೇ ಕಾರಣ. ಓಟದ ವೇಗವನ್ನು ಕೊನೆಯ ಹೆಜ್ಜೆಯಲ್ಲಿ ಎಡಗಾಲನ್ನು ಗಟ್ಟಿಯಾಗಿ ಊರಿ ತಡೆದಾಗ ಆ ಬಲ ಸೊಂಟಕ್ಕೆ, ಅಲ್ಲಿಂದ ಭುಜಕ್ಕೆ, ಕಡೆಗೆ ಕೈಗೆ ಏರುತ್ತದೆ. ಹೊಸ ಮೈದಾನದಲ್ಲಿ ಹೆಜ್ಜೆಯ ಅಳತೆ ಸ್ವಲ್ಪ ತಪ್ಪಿದರೂ ಕಾಲು ಓಟದ ಪಟ್ಟಿಯ ಕೊನೆಯಲ್ಲಿರುವ ಕಮಾನಿನ ಗೆರೆಯನ್ನು ತುಳಿಯುತ್ತದೆ, ಇಲ್ಲವೇ ಗೆರೆಗಿಂತ ಬಹಳ ಹಿಂದೆ ನಿಂತು ದೂರ ವ್ಯರ್ಥವಾಗುತ್ತದೆ. ಅದರ ಜೊತೆಗೆ ಗಾಳಿ. ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವ ಊರು ನಮ್ಮದು, ಶಾಲಾ ಕೂಟಗಳು ನಡೆಯುವುದೂ ಗಾಳಿಯ ದಿನಗಳಲ್ಲಿಯೇ. 1999ರಿಂದ ಮಹಿಳೆಯರ 600 ಗ್ರಾಂ ಜಾವೆಲಿನ್‌ನ ಭಾರಕೇಂದ್ರವನ್ನು ಮುಂದಕ್ಕೆ ಸರಿಸಿರುವುದರಿಂದ ಅದರ ತುದಿ ಬೇಗ ಕೆಳಗಿಳಿಯುತ್ತದೆ. ಆದರೂ ಎದುರುಗಾಳಿಯಲ್ಲಿ ತುದಿ ಹೆಚ್ಚು ಮೇಲೆದ್ದರೆ ಜಾವೆಲಿನ್ ನಡುವೆಯೇ ವೇಗ ಕಳೆದುಕೊಂಡು ಬೀಳುತ್ತದೆ. ಹಳ್ಳಿಯ ಶಾಲೆಯಲ್ಲಿ ಬಿದಿರಿನ ಜಾವೆಲಿನ್ ಹಿಡಿದು ಕಲಿತ ಹುಡುಗಿ ಜಿಲ್ಲಾ ಕೂಟದಲ್ಲಿ ಮೊದಲ ಬಾರಿಗೆ ಲೋಹದ್ದನ್ನು ಹಿಡಿದಾಗ ಮೊದಲ ಎಸೆತ ಹೆಜ್ಜೆಗೆ, ಎರಡನೆಯದು ಗಾಳಿಗೆ ಹೋಗುತ್ತದೆ. ಅವಳ ನಿಜವಾದ ಸ್ಪರ್ಧೆ ಆರಂಭವಾಗುವುದೇ ಮೂರನೆಯದರಲ್ಲಿ.

ಒಮ್ಮೆ ಚಳ್ಳಕೆರೆ ಕಡೆಯ ಹುಡುಗಿಯೊಬ್ಬಳು ಎರಡು ಸಲ ಗೆರೆ ತುಳಿದು, ಮೂರನೆಯದಕ್ಕೆ ಮುನ್ನ ಬಂದು, "ಮಿಸ್, ಎಲ್ಲಿಂದ ಓಡ್ಲಿ ಅಂತ ಒಂದು ಕಲ್ಲಿಟ್ಕೊಳ್ಲಾ?" ಎಂದು ಕೇಳಿದಳು. ಓಡಿಬರುವ ಪಟ್ಟಿಯಾದ ರನ್‌ವೇಯ ಪಕ್ಕದಲ್ಲಿ ಗುರುತು ಇಟ್ಟುಕೊಳ್ಳಲು ನಿಯಮವೇ ಅವಕಾಶ ಕೊಡುತ್ತದೆ, ಆದರೆ ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ನಾನು ಸ್ಪರ್ಧೆಗೆ ಮೊದಲೇ ಎಲ್ಲರನ್ನೂ ಸೇರಿಸಿ ಈ ಮಾತು ಹೇಳುತ್ತೇನೆ. ಕಮಾನಿನ ಆಚೆ ಕಾಲಿಡಬಾರದು, ತುದಿಯೇ ಮೊದಲು ನೆಲಕ್ಕೆ ತಾಕಬೇಕು, ಜಾವೆಲಿನ್ ನೆಲಕ್ಕೆ ಬೀಳುವವರೆಗೂ ರನ್‌ವೇ ಬಿಟ್ಟು ಹೋಗಬಾರದು ಎಂಬುದನ್ನೂ ಮಾಡಿ ತೋರಿಸುತ್ತೇನೆ.

ಹಾಗಾದರೆ ಸಮಯವನ್ನು ಎಲ್ಲಿ ಉಳಿಸಬೇಕು? ಹೊತ್ತು ಹೋಗುವುದು ಎಸೆತದಲ್ಲಿ ಅಲ್ಲ, ಸಿದ್ಧತೆಯಲ್ಲಿ ಮತ್ತು ಅಳತೆಯಲ್ಲಿ. ಸೆಕ್ಟರ್‌ನ, ಅಂದರೆ ಜಾವೆಲಿನ್ ಬೀಳಬೇಕಾದ ಜಾಗದ, ಕೋನ 28.96 ಡಿಗ್ರಿ ಎಂದು ಕೇಳಿ ಹಲವರು ಹಿಂಜರಿಯುತ್ತಾರೆ, ಆದರೆ ಹಗ್ಗ ಮತ್ತು ಟೇಪು ಇದ್ದರೆ ಕೋನಮಾಪಕ ಬೇಕಾಗಿಲ್ಲ. ರನ್‌ವೇಯ ನಡುವೆ ಮೊಳೆ ಹೊಡೆದು 8 ಮೀಟರ್ ಹಗ್ಗದಿಂದ ಕಮಾನು ಎಳೆದರೆ, 4 ಮೀಟರ್ ಅಗಲದ ರನ್‌ವೇಯ ಎರಡು ಅಂಚುಗಳನ್ನು ಅದು ಮುಟ್ಟುತ್ತದೆ. ಅದೇ ಮೊಳೆಯಿಂದ ಆ ಎರಡು ಬಿಂದುಗಳ ಮೂಲಕ ಸೆಕ್ಟರ್‌ನ ಗೆರೆಗಳನ್ನು ಎಳೆದರೆ, ಮೊಳೆಯಿಂದ 60 ಮೀಟರ್ ದೂರದಲ್ಲಿ ಅವುಗಳ ನಡುವಿನ ಅಂತರ 30 ಮೀಟರ್ ಬರಬೇಕು. ಎಲ್ಲಿ ಅಳೆದರೂ ಅಂತರ ದೂರದ ಅರ್ಧವೇ. ಈ ಲೆಕ್ಕ ಹಿಡಿದು ಹಿಂದಿನ ಸಂಜೆಯೇ ಸುಣ್ಣದ ಗೆರೆ ಹಾಕಿಸಿಬಿಡುತ್ತೇನೆ. ದೊಡ್ಡ ಕೂಟಗಳಲ್ಲಿ ಪ್ರತಿ ಎಸೆತವನ್ನೂ ಅಳೆಯುತ್ತಾರೆ. ಹೋಬಳಿ, ತಾಲ್ಲೂಕು ಮಟ್ಟದಲ್ಲಿ ಸ್ಪರ್ಧಿಯ ನಂಬರ್ ಬರೆದ ಗೂಟವನ್ನು ಅವಳ ಅತ್ಯುತ್ತಮ ಗುರುತಿನಲ್ಲಿ ನೆಟ್ಟು, ಮುಂದಿನ ಎಸೆತ ಅದನ್ನು ದಾಟಿದರೆ ಮಾತ್ರ ಕಿತ್ತು ಮುಂದೆ ನೆಟ್ಟು, ಕೊನೆಯಲ್ಲಿ ಒಂದೇ ಬಾರಿ ಟೇಪು ಹಿಡಿಯುತ್ತೇವೆ. ಜಾವೆಲಿನ್‌ಗಳನ್ನು ಯಾರೂ ಹಿಂದಕ್ಕೆ ಎಸೆಯಬಾರದು, ಕೈಯಲ್ಲಿ ನೆಟ್ಟಗೆ ಹಿಡಿದು ಸೆಕ್ಟರ್‌ನ ಹೊರಗಿನಿಂದ ನಡೆದೇ ತರಬೇಕು. ಸುರಕ್ಷತೆಯ ಈ ವಿಷಯದಲ್ಲಿ ಸಮಯ ಉಳಿಸುವ ಮಾತೇ ಇಲ್ಲ.

ಅನ್ನು ರಾಣಿ ಮೀರಠ್ ಜಿಲ್ಲೆಯ ಬಹಾದುರ್‌ಪುರ ಎಂಬ ಹಳ್ಳಿಯವರು, ಅವರ ತೋಳಿನ ಬಲವನ್ನು ಮೊದಲು ಗುರುತಿಸಿದ್ದು ಕ್ರಿಕೆಟ್ ಚೆಂಡು ಎಸೆಯುವುದನ್ನು ಕಂಡ ಅಣ್ಣ. ಮುಂದೆ ಅವರಿಗೆ ತರಬೇತಿ ಕೊಟ್ಟವರಲ್ಲಿ ಒಬ್ಬರು ನಮ್ಮ ಶಿರಸಿಯ ಕಾಶಿನಾಥ ನಾಯ್ಕ, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕಂಚು ವಿಜೇತರು. ಅಂಥ ತೋಳು ಹಿರಿಯೂರು, ಮೊಳಕಾಲ್ಮೂರು, ಹೊಸದುರ್ಗದ ಹೊಲಗಳಲ್ಲಿಯೂ ಇದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಈಗ ವೇಳಾಪಟ್ಟಿ ತಯಾರಿಸುವ ಸಭೆಯಲ್ಲಿ ನಾನು ಕೇಳುವುದು ಎರಡನ್ನು: ಹುಡುಗಿಯರ ಜಾವೆಲಿನ್ ಬೆಳಗಿನ ಮೊದಲ ಫೀಲ್ಡ್ ಸ್ಪರ್ಧೆಯಾಗಬೇಕು, ಮತ್ತು ಎಲ್ಲರಿಗೂ ಮೂರು, ಮೊದಲ ಎಂಟು ಮಂದಿಗೆ ಇನ್ನೂ ಮೂರು ಎಸೆತಗಳು ಎಂಬುದು ಮುದ್ರಿತ ವೇಳಾಪಟ್ಟಿಯಲ್ಲಿಯೇ ಇರಬೇಕು. ಮುದ್ರಣದಲ್ಲಿ ಇದ್ದುದನ್ನು ಸಂಜೆ ಯಾರೂ ಸುಲಭವಾಗಿ ಕತ್ತರಿಸುವುದಿಲ್ಲ.