ಶರಾಕುವಿನ ಎದೊಬೆ: ಗೆರೆ ಹಲಗೆ ಮುಗಿಯಿತು

ಎದೊಬೆಯ ಗೆರೆ ಹಲಗೆ ಕೊನೆಗೂ ಮುಗಿದಿದೆ. ಗೆರೆ ಹಲಗೆ ಅಂದರೆ ಚಿತ್ರದ ಕಪ್ಪು ಗೆರೆಗಳನ್ನಷ್ಟೇ ಕೆತ್ತಿದ ಮರದ ಅಚ್ಚು, ಬಣ್ಣಗಳಿಗೆ ಬೇರೆ ಹಲಗೆಗಳು. ಈ ವಾರ ಮಸಿ ಹಚ್ಚಿ ಮೊದಲ ಪ್ರತಿ ತೆಗೆದೆ. ಬಣ್ಣ ಇಲ್ಲ, ಹಿನ್ನೆಲೆ ಇಲ್ಲ, ಬರೀ ಕಪ್ಪು ಗೆರೆ. ಅಷ್ಟಕ್ಕೇ ಆ ಮನುಷ್ಯ ಮೈಮೇಲೆ ಬರುವ ಹಾಗೆ ಕಾಣುತ್ತಾನೆ!

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ನಾನು ಪ್ರತಿ ಮಾಡುತ್ತಿರುವುದು ಜಪಾನಿನ ಕಲಾವಿದ ತೋಶೂಸಾಯ್ ಶರಾಕು 1794ರಲ್ಲಿ ಮರದಚ್ಚಿಗಾಗಿ ಬರೆದ, ಕಬುಕಿ ಎಂಬ ಜಪಾನಿ ನಾಟಕದ ನಟನ ಚಿತ್ರ. ಆ ವರ್ಷ ಎದೊ ನಗರದಲ್ಲಿ, ಅಂದರೆ ಇವತ್ತಿನ ಟೋಕಿಯೊದಲ್ಲಿ, ದೊಡ್ಡ ನಾಟಕಶಾಲೆಗಳು ಮೂರೂ ಸಾಲದಲ್ಲಿ ಮುಳುಗಿ ಬಾಗಿಲು ಹಾಕಿದ್ದವು. ಅವುಗಳ ಪರವಾನಗಿಯಲ್ಲಿ ಬದಲಿ ಶಾಲೆಗಳು ಆಟ ಆಡಿಸುತ್ತಿದ್ದವು. ಅಂಥ ಒಂದು ಶಾಲೆ ಕವರಾಜಾಕಿ-ಜಾ. ಐದನೇ ತಿಂಗಳಲ್ಲಿ ಅಲ್ಲಿ ನಡೆದ ನಾಟಕದಲ್ಲಿ ಮೂರನೇ ಓತಾನಿ ಓನಿಜಿ ಎಂಬ ನಟ ಎದೊಬೆಯ ಪಾತ್ರ ಮಾಡಿದ. ಎದೊಬೆ ಕೇಡಿಗ. ಇಪ್ಪೆ ಎಂಬ ಆಳಿನ ಹತ್ತಿರ ಇರುವ ಹಣ ಕಿತ್ತುಕೊಳ್ಳಲು ಬಂದಿದ್ದಾನೆ. ಇಪ್ಪೆ ಕತ್ತಿ ಹಿರಿಯುತ್ತಿರುವುದನ್ನು ಶರಾಕು ಇನ್ನೊಂದು ಹಾಳೆಯಲ್ಲಿ ಬರೆದಿದ್ದಾನೆ. ಎರಡನ್ನೂ ಎದುರುಬದುರು ಇಟ್ಟು ನೋಡಿ, ಜಗಳ ಶುರುವಾಗುತ್ತದೆ.

ಗೆರೆ ಹಲಗೆಗೆ ಚೆರ್ರಿ ಮರವನ್ನೇ ಹಿಡಿದೆ. ಜಪಾನಿನಲ್ಲಿ ಕಾಡು ಚೆರ್ರಿ ಬಳಸುತ್ತಿದ್ದರು. ಗಟ್ಟಿ ಮರ, ಎಳೆ ಸಣ್ಣದು, ಕೂದಲಿನಷ್ಟು ತೆಳು ಗೆರೆಯನ್ನೂ ಹಿಡಿದು ನಿಲ್ಲಿಸುತ್ತದೆ. ಬಣ್ಣದ ಹಲಗೆಗಳಿಗೆ ಶಿನಾ ಎಂಬ ಮೆದು ಮರದ ಪ್ಲೈವುಡ್ ಸಾಕು. ಅಳತೆ ಮೂಲದ್ದೇ, ಸುಮಾರು 38 ಸೆಂಟಿಮೀಟರ್ ಎತ್ತರ, 25 ಅಗಲ. ಚಿತ್ರವನ್ನು ತೆಳು ಕಾಗದದ ಮೇಲೆ ಇಳಿಸಿ, ಮುಖ ಕೆಳಗಾಗಿ ಅಂಟಿಸಿ, ಕಾಗದದ ಸಮೇತ ಕೆತ್ತುವುದು. ಶರಾಕು ಕೈಯಾರೆ ಬರೆದ ಈ ಚಿತ್ರದ ಮೂಲವೂ ಹೀಗೇ ಕೆತ್ತನೆಗಾರನ ಚಾಕುವಿನ ಕೆಳಗೆ ಹೋಯಿತು. ನಮಗೆ ಉಳಿದಿರುವುದು ಅಚ್ಚು ಮಾತ್ರ.

ತಲೆಕೂದಲಿಗೆ ಜಾಸ್ತಿ ಸಮಯ ಹಿಡಿಯಿತು. ಕೆನ್ನೆಯ ಪಕ್ಕ ಕೂದಲು ಚರ್ಮಕ್ಕೆ ಸೇರುವ ಜಾಗದಲ್ಲಿ ಪ್ರತಿ ಎಳೆಯ ಎರಡೂ ಬದಿ ಚಾಕು ಎಳೆಯಬೇಕು, ನಡುವೆ ಮರ ಉಳಿಯಬೇಕು. ಹಳೇ ಕಾರ್ಖಾನೆಗಳಲ್ಲಿ ತಲೆ ಕೆತ್ತಲು ಹಿರಿಯ ಕೆತ್ತನೆಗಾರನೇ ಬೇಕಿತ್ತು, ಬಟ್ಟೆಬರೆ ಕೆತ್ತುವ ಕೆಲಸ ಕಿರಿಯರದ್ದು. ಯಾಕೆಂದು ಈಗ ಬೆರಳಿಗೇ ಗೊತ್ತು. ಮುಖದಲ್ಲಿ ಮಾತ್ರ ಗೆರೆ ತೀರಾ ಕಡಿಮೆ. ಮೂಗಿಗೆ ಒಂದು ಓಟ, ಬಿಗಿದ ಬಾಯಿ, ಮೂಗಿನ ಕಡೆಗೆ ವಾಲಿದ ಎರಡು ಪುಟ್ಟ ಕಣ್ಣು. ನೆರಳು ಅನ್ನುವುದೇ ಇಲ್ಲ.

ಇನ್ನು ಆ ಕೈಗಳು. ಈ ಚಿತ್ರದ ಬಗ್ಗೆ ಮಾತು ಬಂದಾಗೆಲ್ಲ ಯಾರಾದರೂ ಕೈ ಸರಿಯಿಲ್ಲ ಅನ್ನುತ್ತಾರೆ. ಅಂಗೈ ಚಿಕ್ಕದು, ಬೆರಳು ಅಡ್ಡಾದಿಡ್ಡಿ, ಮುಂಗೈ ಎಲ್ಲಿಂದ ಬಂತೋ ತಿಳಿಯುವುದಿಲ್ಲ. ಕೆತ್ತಿದ ಮೇಲೆ ನಾನು ಒಪ್ಪುವುದಿಲ್ಲ. ಕೈ ಅಂಗಿಯ ತೋಳಿನಿಂದ ಬಂದಿಲ್ಲ, ನಿಲುವಂಗಿಯ ಎದೆಯ ಸೀಳಿನಿಂದ ಹೊರಗೆ ನುಗ್ಗಿದೆ. ಹೊಂಚು ಹಾಕಿ ಒಳಗಿಟ್ಟುಕೊಂಡಿದ್ದ ಕೈ, ಈಗ ಕಿತ್ತುಕೊಳ್ಳಲು ಬಿಚ್ಚಿದೆ. ಮುಖ ಅಷ್ಟು ದೊಡ್ಡದಿದ್ದು ಕೈ ಚಿಕ್ಕದಾಗಿರುವುದರಿಂದಲೇ ಅದು ಹೆದರಿಸುತ್ತದೆ. ಬೆರಳುಗಳನ್ನು ಸರಿಯಾದ ಅಳತೆಗೆ ತಿದ್ದಿ ಒಂದು ಕಾಗದದ ಮೇಲೆ ಸುಮ್ನೆ ಬರೆದು ನೋಡಿದೆ. ಕಳ್ಳ ಹೋಗಿ ಸಂತೆಯಲ್ಲಿ ಕೈ ಬೀಸಿ ಕರೆಯುವವನಾದ.

ಶರಾಕುವಿನ ದೊಡ್ಡಸ್ತಿಕೆ ನನಗೆ ಕಾಣುವುದು ಇಲ್ಲೇ. ಪಾತ್ರದ ಕೇಡಿತನವನ್ನೂ ಬರೆದ, ಓನಿಜಿಯ ಸ್ವಂತ ಮೂಗು, ಮುಂದೆ ಚಾಚಿದ ಗದ್ದವನ್ನೂ ಬಿಡಲಿಲ್ಲ. ನಟರನ್ನು ಚಂದ ಮಾಡಿ ಬರೆಯುವ ಕಾಲ ಅದು. ತ್ಸುತಾಯ ಜೂಜಾಬುರೊ ಎಂಬ ಪ್ರಕಾಶಕ ಇಂಥ ದೊಡ್ಡ ತಲೆಯ 28 ಚಿತ್ರಗಳನ್ನು ಮೊದಲ ಕಂತಿನಲ್ಲೇ ತಂದ. ಹತ್ತು ತಿಂಗಳಲ್ಲಿ 140ಕ್ಕೂ ಹೆಚ್ಚು ಚಿತ್ರ ಬಂದವು, ಆಮೇಲೆ ಶರಾಕುವಿನ ಹೆಸರಿನಲ್ಲಿ ಹೊಸದೇನೂ ಬರಲಿಲ್ಲ.

ಮುಂದಿನ ಕೆಲಸ ಬಣ್ಣದ ಹಲಗೆಗಳು. ಗೆರೆ ಹಲಗೆಯ ಅಚ್ಚನ್ನೇ ಅವುಗಳ ಮೇಲೆ ಅಂಟಿಸಿ ಕೆತ್ತುತ್ತೇನೆ. ಕಾಗದ ಕೂರಿಸುವ ಕೆಂತೊ ಗುರುತು, ಒಂದು ಮೂಲೆಯಲ್ಲಿ, ಒಂದು ಅಂಚಿನಲ್ಲಿ, ಆ ಅಚ್ಚಿನಲ್ಲೇ ಬಂದಿರುವುದರಿಂದ ಎಲ್ಲ ಹಲಗೆಗೂ ಒಂದೇ ಜಾಗಕ್ಕೆ ಬೀಳುತ್ತದೆ. ಹಿನ್ನೆಲೆಯ ಕಪ್ಪು ಮಿನುಗಿಗೆ ಕಾಗೆಬಂಗಾರದ ಪುಡಿ ಬೇಕು. ಚೂರು ಕಾಗದದ ಮೇಲೆ ಪರೀಕ್ಷೆ ಮಾಡಿದೆ: ಮೊದಲು ಕಡು ಬೂದು ಬಣ್ಣ, ಅದರ ಮೇಲೆ ಅಂಟು ಒತ್ತಿ, ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವುವುದು. ನೇರವಾಗಿ ನೋಡಿದರೆ ಮಂಕು, ಕಾಗದ ಓರೆ ಮಾಡಿದರೆ ಬೆಳ್ಳಿ. ಪುಡಿ ಇನ್ನೂ ನುಣ್ಣಗಿರಬೇಕು ಅನ್ನಿಸುತ್ತಿದೆ. ವಾಶಿ ಎಂಬ ಜಪಾನಿ ಕಾಗದವನ್ನು ಒದ್ದೆ ಇಟ್ಟುಕೊಂಡೇ ಅಚ್ಚು ಹಾಕಬೇಕು, ಬೆಂಗಳೂರಿನ ಈ ಬೇಸಿಗೆಗೆ ಅಂಚು ಬೇಗ ಒಣಗುತ್ತದೆ. ಹಾಗಾಗಿ ಈಗ ಕೆತ್ತನೆ ಮಾತ್ರ. ಅಚ್ಚು ಮಳೆಗಾಲಕ್ಕೆ.